ಏಕಾದಶಿಯ ರಾಜಗಿರಿ ಪಲ್ಯ

ಗೆಳೆಯರೇ, ಇವತ್ತು ನಮ್ಮ ಅಡುಗೆಮನೆಯಲ್ಲಿ ಒಂದು ಗಿಡದ ವಿಚಾರಣೆ ನಡೆಯಿತು. ಹೆಂಡತಿಗೆ ರಕ್ತ ಕಡಿಮೆಯಾಗಿದೆ, ರಾಜಗಿರಿ ಸೊಪ್ಪಿನಲ್ಲಿ ಕಬ್ಬಿಣದಂಶವಿದೆ, ದಿನಾ ತಿನ್ನಿಸಿ ಎಂದು ಘಟಪ್ರಭಾದ ಡಾಕ್ಟರು ಹೇಳಿದ್ದರು. ನಾನು ಸಂತೆಯಿಂದ ತಂದು ಸೋಸಿಟ್ಟರೆ, ಅವಳು ರಾಜಗಿರಿ ಕಾಳಿನ ಉಂಡಿ ಕಡಿಯುತ್ತ ಅಂದಳು: "ಇವತ್ತ ಏಕಾದಶಿ ಐತ್ರಿ. ಪಲ್ಲೆ ನಡ್ಯಾಂಗಿಲ್ಲ."

"ಉಂಡಿ ನಡೀತೈತಿ, ಪಲ್ಲೆ ನಡ್ಯಾಂಗಿಲ್ಲ? ಎರಡೂ ಒಂದ ಗಿಡದ್ದು!"

"ಕಾಳು ಬ್ಯಾರೆ, ತೊಪ್ಪಲ ಬ್ಯಾರೆ."

ಒಂದೇ ಗಿಡದಲ್ಲಿ ಉಪವಾಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಯೋಚಿಸುತ್ತ ನಿಂತೆ. ಕೊನೆಗೆ ನಾವು ಕಾಕು ಎಂದು ಕರೆಯುವ ಪಕ್ಕದ ಮನೆಯ ಹಿರಿಯಾಕೆಯನ್ನು ಕರೆದೆವು. ಅವರಿಗೂ ಉಪವಾಸ. ಸೊಪ್ಪನ್ನು ಮೂಸಿ ನೋಡಿ ತೀರ್ಪು ಕೊಟ್ಟರು: "ನಡೀತೈತಿ ತಗೋವಾ. ಬಳ್ಳೊಳ್ಳಿ, ಸಾಸಿವಿ ಹಾಕಬ್ಯಾಡ. ಜೀರಗಿ, ಹಸಿಮೆಣಸಿನಕಾಯಿ, ಶೇಂಗಾ ಪುಡಿ ಸಾಕು. ಮ್ಯಾಲೊಂದೀಟ ಲಿಂಬಿಹಣ್ಣ ಹಿಂಡು."

ಹಾಗೇ ಮಾಡಿದ ಪಲ್ಯವನ್ನು ಹೆಂಡತಿ ಎಷ್ಟೋ ದಿನಗಳ ಮೇಲೆ ಕೇಳಿ ಕೇಳಿ ಹಾಕಿಸಿಕೊಂಡು ತಿಂದಳು. ನ್ಯಾಯಾಧೀಶರೂ ಹಿಂದೆ ಬೀಳಲಿಲ್ಲ. ನಾನು ತಟ್ಟೆ ಹಿಡಿದು ಬಂದಾಗ ಕಾಕು ಪಲ್ಯದ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡರು: "ನಿನಗೆಲ್ಲಿ ಉಪವಾಸೋ ತಮ್ಮಾ? ನೀ ರೊಟ್ಟಿ ಚಟ್ನಿ ತಿನ್ನು, ನಡಿ."

ಮುಂದಿನ ಏಕಾದಶಿ ಯಾವತ್ತು ಎಂದು ಯಾರಾದರೂ ತಿಳಿಸಿ. ನನಗೂ ಭಕ್ತಿ ಬಂದಿದೆ.