ಪಶ್ಚಿಮದ ಗೋಡೆಯ ತ್ರಿಕೋನಗಳು

ಪಶ್ಚಿಮದ ಗೋಡೆಯಲ್ಲಿ ತ್ರಿಕೋನಗಳು ತಪ್ಪಾಗಿ ಕೂತಿವೆ ಅಂತ ಮೊದಲು ಹೇಳಿದವಳು ನಾನು.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಎದ್ದ ಕಾಂಪ್ಲೆಕ್ಸ್. ಮೊದಲನೇ ಮಹಡಿಯಲ್ಲಿ ನನ್ನ ಕನ್ನಡಕದ ಅಂಗಡಿ. ಗಿರಾಕಿ ಇಲ್ಲದಾಗ ಅನುವಾದದ ಕಾದಂಬರಿ ಓದುತ್ತೇನೆ, ಕಣ್ಣು ದಣಿದರೆ ಕಾರಿಡಾರಿನಲ್ಲಿ ನಿಲ್ಲುತ್ತೇನೆ.

ಕಾರಿಡಾರಿಗೆ ಹೊರಗಿನಿಂದ ಬಿಳಿ ಲೋಹದ ಹಾಳೆಗಳ ಮರೆ. ಒಂದೊಂದು ಹಾಳೆಯೂ ಚೌಕ. ನಡುವೆ ಒಂದು ತ್ರಿಕೋನವನ್ನು ಎರಡು ಬದಿಯಲ್ಲಿ ಕತ್ತರಿಸಿ, ಮೂರನೇ ಬದಿಯಲ್ಲಿ ಹೊರಕ್ಕೆ ಬಗ್ಗಿಸಿದ್ದಾರೆ, ಅರ್ಧ ತೆರೆದ ಕಿಟಕಿ ಬಾಗಿಲಿನ ಹಾಗೆ.

ಒಂದು ಸಾಲಿನಲ್ಲಿ ಚೂಪು ಮೇಲೆ, ಮುಂದಿನ ಸಾಲಿನಲ್ಲಿ ಚೂಪು ಕೆಳಗೆ. ದೂರದಿಂದ ನೋಡಿದರೆ ಎರಡೂ ಸೇರಿ ವಜ್ರದ ಆಕಾರ ಕಾಣುತ್ತದೆ.

ರಸ್ತೆ ಕಡೆಯ ಗೋಡೆ ಹಾಗೇ ಇತ್ತು. ಬಸ್ ಸ್ಟ್ಯಾಂಡಿನ ಕಡೆಗಿರುವ ಪಶ್ಚಿಮದ ಗೋಡೆಯಲ್ಲಿ ಮಾತ್ರ ಎಲ್ಲ ಸಾಲುಗಳಲ್ಲೂ ಚೂಪು ಕೆಳಗೇ. ಮೂಲೆ ತಿರುಗಿದ ಕೂಡಲೇ ವಜ್ರಗಳು ನಿಂತುಬಿಡುತ್ತಿದ್ದವು.

ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಕಟ್ಟಡದ ಮಾಲೀಕರಾದ ಶ್ರೀಧರಣ್ಣನಿಗೆ ತೋರಿಸಿದೆ.

ಅವರು ಗೋಡೆ ನೋಡಿದರು, ಫೋನಿನಲ್ಲಿದ್ದ ಡಿಸೈನ್ ನೋಡಿದರು, ಇಕ್ಬಾಲ್ ಅವರನ್ನು ಕರೆಸಿದರು.

ಇಕ್ಬಾಲ್ ಅವರದು ನರಸಿಂಹರಾಜಪುರದಲ್ಲಿ ವೆಲ್ಡಿಂಗ್ ಶಾಪ್. ಅಲ್ಲಿಯ ತನಕ ಗೇಟು, ಗ್ರಿಲ್ಲು ಮಾಡಿಕೊಂಡಿದ್ದವರು. ಇಡೀ ಕಟ್ಟಡದ ಮುಖ ಮಾಡಿದ್ದು ಇದೇ ಮೊದಲು. ಇದು ಸರಿಯಾಗಿ ಬಂದರೆ ಶೃಂಗೇರಿಯಲ್ಲಿ ಶ್ರೀಧರಣ್ಣನ ಭಾವ ಕಟ್ಟಿಸುತ್ತಿದ್ದ ಲಾಡ್ಜಿನ ಕೆಲಸವೂ ಅವರಿಗೇ ಅಂತ ಮಾತಾಗಿತ್ತು.

ಅದು ನನಗೆ ಗೊತ್ತಿತ್ತು.

"ಎಂತ ಮಾರಾಯ ಇದು? ಅರ್ಧಕ್ಕೇ ಸಾಕಾಯ್ತಾ ನಿಂಗೆ?" ಅಂದರು ಶ್ರೀಧರಣ್ಣ.

"ಇಲ್ಲ ಅಣ್ಣ, ಬೇಕಂತಲೇ ಹಾಗೆ ಕೂರಿಸಿದ್ದು. ಈ ಕಡೆಯಿಂದ ಜಡಿಮಳೆ ಹೊಡೀತದೆ. ಚೂಪು ಮೇಲಿದ್ರೆ ಒಂದೊಂದೂ ಅಂಗಿ ಜೇಬು ಇದ್ದ ಹಾಗೆ. ನೀರು ತುಂಬಿ ಒಳಗೆ ಬರ್ತದೆ."

"ಡಿಸೈನ್ ಮಾಡಿದವರಿಗೆ ಅಷ್ಟೂ ಗೊತ್ತಿಲ್ವಾ?"

"ಮಳೆ ಡಿಸೈನ್ ನೋಡಿ ಬರ್ತದಾ ಅಣ್ಣ?"

ಹಾಗಂದು ಇಕ್ಬಾಲ್ ನನ್ನ ಕಡೆ ನೋಡಿದರು. ನಾನು ಫೋನಿನ ಚಿತ್ರದ ಮೇಲೆ ಬೆರಳಿಟ್ಟು, ಇದರಲ್ಲಿ ವಜ್ರ ಇದೆ, ಗೋಡೆಯಲ್ಲಿ ಇಲ್ಲ ಅಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ...

ಮಾರನೇ ದಿನ ಅವರು ಸ್ಕ್ರೂ ಬಿಚ್ಚಿ, ಸಾಲು ಬಿಟ್ಟು ಸಾಲು ತಿರುಗಿಸಿ ಹಾಕಿದರು. ವಜ್ರಗಳು ಕೂಡಿದವು. ನಾನು ಬಸ್ ಸ್ಟ್ಯಾಂಡಿನ ತನಕ ಹೋಗಿ, ನಿಂತು ನೋಡಿ ಬಂದೆ.

ಬರೆಯಲು ಸಂಕೋಚವಾಗುವ ವಿಷಯ ಒಂದಿದೆ. ಅದೇ ವಾರ ಕಮ್ಮರಡಿಯ ನಮ್ಮ ಮನೆಯ ಪಶ್ಚಿಮದ ಜಗಲಿಗೆ ತಟ್ಟಿ ಕಟ್ಟಿಸಿದ್ದೆ. ಮಳೆಗಾಲಕ್ಕೆ ಮುಂಚೆ ಇಲ್ಲಿ ಎಲ್ಲರೂ ಆ ದಿಕ್ಕಿಗೆ ಸೋಗೆಯದೋ ಟಾರ್ಪಾಲಿನದೋ ಒಂದು ಮರೆ ಕಟ್ಟುತ್ತಾರೆ, ಎರಚಲು ಒಳಗೆ ಬಾರದಿರಲಿ ಅಂತ.

ಮನೆಯಲ್ಲಿ ನನಗೆ ಗೊತ್ತಿದ್ದದ್ದು ಕಾಂಪ್ಲೆಕ್ಸಿನ ಮೆಟ್ಟಿಲು ಹತ್ತುವಾಗ ಗೊತ್ತಿರಲಿಲ್ಲ.

ಜೂನ್ ಕೊನೆಗೆ ಮಳೆ ಹಿಡಿಯಿತು. ಕಾರಿಡಾರಿನ ಟೈಲ್ಸ್ ಮೇಲೆ ನೀರು ಹರಿದು ಪಕ್ಕದ ಟೈಲರ್ ಅಂಗಡಿಯ ಶಟರಿನ ಅಡಿಯಿಂದ ಒಳಗೆ ಹೋಯಿತು. ಹೊಲಿಯಲು ಕೊಟ್ಟಿದ್ದ ರವಿಕೆ ಬಟ್ಟೆಗಳೆಲ್ಲ ಒದ್ದೆ.

ಶ್ರೀಧರಣ್ಣ ಬಂದವರು ಆ ನೀರಿನಲ್ಲೇ ನಿಂತು ಭಾವನಿಗೆ ಫೋನ್ ಮಾಡಿದರು. "ಆ ಎನ್.ಆರ್. ಪುರದ ವೆಲ್ಡಿಂಗಿನವನಿಗೆ ಕೊಡೋದು ಬೇಡ ಭಾವ. ಕೆಲಸ ನೀಟಿಲ್ಲ."

ನಾನು ಅಂಗಡಿಯೊಳಗೆ ಒಂದು ಫ್ರೇಮಿಗೆ ಸ್ಕ್ರೂ ಹಾಕುತ್ತಿದ್ದೆ. ಕೇಳಿಸಿತು. ಏಳಲಿಲ್ಲ.

ಮೂರು ದಿನ ಏಳಲಿಲ್ಲ.

ಆಗ ಓದುತ್ತಿದ್ದ ಕಾದಂಬರಿಯಲ್ಲಿ ಒಂದು ವಾಕ್ಯ ಸೊಟ್ಟಗಿತ್ತು. ಅಭ್ಯಾಸದಂತೆ ಯೋಚಿಸಿದೆ, ಅನುವಾದಕರು ಇದನ್ನು ಹೀಗೆ ತಿರುಗಿಸಬೇಕಾದರೆ ಮೂಲದಲ್ಲಿ ಏನು ಕಂಡಿರಬಹುದು ಅಂತ. ಮುಖವೇ ಗೊತ್ತಿಲ್ಲದ ಅನುವಾದಕರಿಗೆ ಕೊಡುವ ಈ ಅವಕಾಶವನ್ನು, ಎದುರಿಗೆ ನಿಂತು ಕಾರಣ ಹೇಳಿದ ಮನುಷ್ಯನಿಗೆ ನಾನು ಕೊಟ್ಟಿರಲಿಲ್ಲ.

ಪುಸ್ತಕ ಮುಚ್ಚಿ ಕೆಳಗಿನ ಆಫೀಸಿಗೆ ಹೋದೆ.

"ಶ್ರೀಧರಣ್ಣ, ಇಕ್ಬಾಲ್ ಮೊದಲು ಹಾಕಿದ್ದೇ ಸರಿ. ತಿರುಗಿಸಿದ್ದು ನನ್ನ ಮಾತಿಗೆ. ನಿಮ್ಮ ಭಾವನಿಗೆ ಹೇಳಿ."

"ಕನ್ನಡಕದವರ ಕಣ್ಣು ಅಂತ ನಂಬಿದ್ದೆ ನೋಡಿ ನಾನು," ಅಂದರು. "ಆಯ್ತು, ಆಮೇಲೆ ಹೇಳ್ತೇನೆ."

ನಾನು ಎದುರಿನ ಕುರ್ಚಿಯಲ್ಲಿ ಕೂತೆ. ನಾನು ಏಳುವ ಲಕ್ಷಣ ಕಾಣದೆ ಅವರು ಫೋನ್ ತೆಗೆದರು.

ತಡವಾಗಿತ್ತು. ಲಾಡ್ಜಿನ ಕೆಲಸ ಹಿಂದಿನ ದಿನವೇ ಬೇರೆಯವರಿಗೆ ಹೋಗಿತ್ತು.

ಮಳೆ ಬಿಟ್ಟು ಸ್ವಲ್ಪ ಹೊಳವಾದ ದಿನ ಇಕ್ಬಾಲ್ ಏಣಿ ತಂದರು. ತಿರುಗಿಸಿದ ಸಾಲುಗಳನ್ನು ಮತ್ತೆ ತಿರುಗಿಸಬೇಕಿತ್ತು. ನಾನು ಏಣಿಯ ಬುಡದಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ, ಲಾಡ್ಜಿನ ವಿಷಯವನ್ನೂ. ಅವರು ಕೈ ನಿಲ್ಲಿಸಲಿಲ್ಲ.

"ಈಗ ಚಿತ್ರ ತಪ್ಪಾಯ್ತಲ್ಲ ಅಕ್ಕ. ಮತ್ತೆ ಕಂಪ್ಲೇಂಟ್ ಮಾಡ್ಬೇಡಿ."

ನಕ್ಕರೋ ಇಲ್ಲವೋ, ಕೆಳಗಿನಿಂದ ಕಾಣಲಿಲ್ಲ.

ಈಗ ಹೊರಗೆ ಜಡಿ ಹೊಡೆಯುತ್ತಿದೆ. ಕಾರಿಡಾರ್ ಒಣಗಿದೆ. ವಜ್ರಗಳು ಮೂಲೆಯ ತನಕ ಬಂದು ನಿಲ್ಲುತ್ತವೆ.

ನಿನ್ನೆ ಗಿರಾಕಿಯೊಬ್ಬರು ಹೊಸ ಕನ್ನಡಕ ಹಾಕಿಕೊಂಡು, ದೂರದ್ದು ಕಾಣುತ್ತದಾ ನೋಡಲು ಕೆಳಗಿಳಿದು ಹೋದವರು ವಾಪಸ್ ಬಂದು, "ಆ ಕಡೆ ಗೋಡೆ ಡಿಸೈನ್ ತಪ್ಪಾಗಿದೆಯಲ್ಲ," ಅಂದರು.

ತಪ್ಪಲ್ಲ ಅಂದೆ. ಯಾಕೆ ಅಂತ ಹೇಳಿದೆ. ಜಯಪುರದಲ್ಲಿ ಮನೆ ಕಟ್ಟಿಸುತ್ತಿದ್ದಾರಂತೆ. ಇಕ್ಬಾಲ್ ಅವರ ಹೆಸರು, ನಂಬರು ಬಿಲ್ಲಿನ ಹಿಂದೆ ಬರೆದು ಕೊಟ್ಟೆ.

ನಿಮ್ಮೂರಿನ ಹೊಸ ಕಟ್ಟಡದಲ್ಲೂ ಒಂದು ಕಡೆ ವಿನ್ಯಾಸ ಮುರಿದಿದ್ದರೆ, ಅಲ್ಲಿ ಮಳೆ ಯಾವ ದಿಕ್ಕಿನಿಂದ ಬರುತ್ತದೆ ಅಂತ ಮೊದಲು ಕೇಳುತ್ತೀರಾ?