ನಲವತ್ತು ಮೀಟರ್ ಮೇಲಿನ ಮೂರಕ್ಕ

ಬೆಳಗಿನ ಐದೂವರೆ. ಏಳನೇ ನಂಬರಿನ ಕ್ರೇನಿನ ಲಿಫ್ಟ್ ಬಾಗಿಲಿಗೆ ‘ಕೆಟ್ಟಿದೆ’ ಎಂದು ಬರೆದ ರಟ್ಟಿನ ತುಂಡು ನೇತಾಡುತ್ತಿದೆ. ಮೂರಕ್ಕ ಅದನ್ನು ಓದುವ ಗೋಜಿಗೂ ಹೋಗುವುದಿಲ್ಲ. ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಅಡ್ಡ ಹಾಕಿಕೊಂಡು, ಕೈಗವಸು ಏರಿಸಿ, ಕಬ್ಬಿಣದ ಮೆಟ್ಟಿಲಿಗೆ ಕಾಲಿಡುತ್ತಾರೆ. ಒಟ್ಟು ಇನ್ನೂರ ಹದಿನಾರು ಮೆಟ್ಟಿಲು. ತೊಂಬತ್ತರ ಹತ್ತಿರ, ಅವರ ಬಗ್ಗೆ ಬರೆಯಲು ಬಂದ ನಾನು ಕಂಬಿ ಹಿಡಿದು ಏದುಸಿರು ಬಿಡುತ್ತಿರುವಾಗ ಮೇಲಿನಿಂದ ದನಿ ಬರುತ್ತದೆ.

“ಕೆಳಗೆ ನೋಡ್ಬೇಡಿ, ಮೇಲೂ ನೋಡ್ಬೇಡಿ. ಮುಂದಿನ ಮೆಟ್ಲು ಮಾತ್ರ ನೋಡಿ. ನಿಧಾನಕ್ಕೆ ಬನ್ನಿ, ಹಡಗೇನೂ ಓಡಿ ಹೋಗಲ್ಲ.”

ತುದಿಯಲ್ಲಿ ಒಂದು ಗಾಜಿನ ಕೋಣೆ. ನಡುವೆ ಒಂದು ಕುರ್ಚಿ, ಎಡಗೈಗೊಂದು ಬಲಗೈಗೊಂದು ಹಿಡಿಕೆ, ಮೂಲೆಯಲ್ಲಿ ಕಲಿಯಲು ಬರುವವರಿಗೆಂದು ಮಡಚುವ ಆಸನ. ನೆಲವೂ ಗಾಜಿನದೇ. ಕಾಲಡಿಯಲ್ಲಿ, ನಲವತ್ತು ಮೀಟರ್ ಕೆಳಗೆ, ಹಡಗಿನ ತುಂಬ ಜೋಡಿಸಿಟ್ಟ ಕಂಟೇನರುಗಳು, ಇಲ್ಲಿನವರ ಬಾಯಲ್ಲಿ ಪೆಟ್ಟಿಗೆಗಳು, ಬೆಂಕಿಪೊಟ್ಟಣದಷ್ಟೇ ಕಾಣುತ್ತವೆ. ಅವರು ಹಳೆಯ ಬನಿಯನ್ ತುಂಡಿನಿಂದ ನೆಲದ ಗಾಜನ್ನು ಒರೆಸಿ, ಕನ್ನಡಕ ಸರಿಮಾಡಿಕೊಂಡು, ಎರಡು ಮೊಣಕಾಲುಗಳ ನಡುವಿನಿಂದ ಕೆಳಗೆ ಇಣುಕುತ್ತಾರೆ. ವಾಕಿಟಾಕಿ ಗೊರಗುಟ್ಟುತ್ತದೆ. ಹಡಗಿನ ಮೇಲಿಂದ ಸನ್ನೆ ಕೊಡುವವನ ದನಿ ಅದು.

“ಮೂರಕ್ಕ, ಎದ್ರಾ? ಮೊದಲ್ನೇದು ಭಾರ ಇದೆ, ಇಪ್ಪತ್ತೆಂಟು ಟನ್.”

“ನಾನು ಎದ್ದು ಎರಡು ಗಂಟೆ ಆಯ್ತಪ್ಪ. ನೀನು ಎದ್ದಿದ್ದೀಯಾ ನೋಡ್ಕೋ,” ಎನ್ನುತ್ತ ಅವರು ಎಡ ಹಿಡಿಕೆಯನ್ನು ಹಗುರವಾಗಿ ಮುಂದೆ ಒತ್ತುತ್ತಾರೆ. ಇಡೀ ಕೋಣೆ ನಮ್ಮನ್ನು ಹೊತ್ತುಕೊಂಡು ಸಮುದ್ರದ ಕಡೆಗೆ ಜಾರುತ್ತದೆ. ನಾನು ಮಡಚುವ ಆಸನದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

ಹೊಸದಾಗಿ ಬಂದವರು ಅವರನ್ನು ಮೂರನೇ ನಂಬರಿನ ಕ್ರೇನಿನಲ್ಲಿ ಹುಡುಕುತ್ತಾರಂತೆ. ಹೆಸರಿನ ಹಿಂದಿನ ಮೂರು ಕ್ರೇನಿನದಲ್ಲ. ಈ ಬಂದರಿನಲ್ಲಿ ಕ್ರೇನ್ ನಡೆಸಿದ ಮೂರನೇ ಹೆಂಗಸು ಅವರು. ಅದಕ್ಕೇ ಮೂರಕ್ಕ.

ಈ ಲೇಖನಕ್ಕೆ ಕೂರುವ ಮೊದಲು ನಾನು ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಿರುವಿ ನೋಡಿದೆ. ಮೊದಲನೆಯ ಮಹಿಳೆ ಕ್ರೇನ್ ಏರಿದ ದಿನ ಮುಖಪುಟದ ಅರ್ಧಭಾಗ ಅವರದೇ ಚಿತ್ರ. ಎರಡನೆಯವರು ಬಂದಾಗ ಒಳಪುಟದಲ್ಲಿ ಒಂದು ಕಾಲಂ ಸುದ್ದಿ. ಮೂರನೆಯವರು ಬಂದ ವಾರದ ಏಳೂ ಸಂಚಿಕೆಗಳನ್ನು ಎರಡು ಸಲ ಹುಡುಕಿದೆ. ಬಂದರಿನಲ್ಲಿ ಕ್ಯಾಂಟೀನಿನ ಗೋಡೆ ಕುಸಿದದ್ದು ಸಿಕ್ಕಿತು, ಇವರು ಸಿಗಲಿಲ್ಲ. ಇದನ್ನು ಹೇಳಿದಾಗ ಮೂರಕ್ಕ ಬೇಸರಪಟ್ಟುಕೊಳ್ಳಲಿಲ್ಲ. “ಗೋಡೆ ಬಿದ್ದದ್ದು ನಿಜ. ದೊಡ್ಡ ಶಬ್ದ ಆಯ್ತು ನೋಡಿ,” ಎಂದು ನಕ್ಕರು.

ಅವರಿಗೀಗ ಐವತ್ತೊಂದು. ಇಪ್ಪತ್ಮೂರಕ್ಕೆ ಬಂದರಿಗೆ ಬಂದದ್ದು ಲೆಕ್ಕ ಬರೆಯುವ ಕೆಲಸಕ್ಕೆ. ಹಡಗಿನಿಂದ ಇಳಿಯುವ ಪ್ರತಿ ಪೆಟ್ಟಿಗೆಯ ನಂಬರು, ಬಣ್ಣ, ಎಲ್ಲಾದರೂ ಜಜ್ಜಿದ್ದರೆ ಅದು. ಬಿಸಿಲಿಗೆ ಬೆನ್ನು ಕೊಟ್ಟು, ರಟ್ಟಿನ ಹಲಗೆ ಎದೆಗೊತ್ತಿಕೊಂಡು ಒಂಬತ್ತು ವರ್ಷ ಬರೆದರು. “ಪ್ರತಿ ನಂಬರು ಬರೆಯೋಕೆ ಕತ್ತೆತ್ತಲೇಬೇಕು. ಕತ್ತೆತ್ತಿದಾಗೆಲ್ಲ ಮೇಲೆ ಕೂತಿರೋರು ಕಾಣೋರು. ನಾನೂ ಅಲ್ಲಿ ಕೂರಬೇಕು ಅಂತ ಯಾವಾಗ ಅನ್ನಿಸ್ತೋ ಗೊತ್ತಿಲ್ಲ. ಬಹುಶಃ ಕತ್ತು ನೋಯೋಕೆ ಶುರುವಾದಾಗ.”

ಅರ್ಜಿ ಹಿಡಿದು ಹೋದಾಗ ಅಧಿಕಾರಿ ಕಾಗದದಿಂದ ಕಣ್ಣೆತ್ತದೆ ಹೇಳಿದರಂತೆ: “ಮೊದಲ್ನೇವರಿಗೆ ಬ್ಯಾಂಡ್ ಬಾರಿಸಿದ್ವಿ. ಎರಡ್ನೇವರಿಗೆ ಹೂಗುಚ್ಛ ಕೊಟ್ವಿ. ನಿಮಗೆ ಕೊಡೋಕೆ ಏನೂ ಇಲ್ಲಮ್ಮ.”

“ಕ್ರೇನ್ ಇದೆ ತಾನೇ ಸಾರ್?”

ಆರು ತಿಂಗಳ ತರಬೇತಿ. ಕೊನೆಯ ಪರೀಕ್ಷೆಗೆ ಗುರುಗಳು ಒಂದು ಡ್ರಮ್ಮಿಗೆ ಬಾಯಿಮಟ್ಟ ನೀರು ತುಂಬಿಸಿ ಕ್ರೇನಿಗೆ ತೂಗುಹಾಕಿಸಿದರು. ಹಡಗಿನಿಂದ ದಡಕ್ಕೆ, ದಡದಿಂದ ಹಡಗಿಗೆ ಮೂರು ಸಲ ಸಾಗಿಸಬೇಕು, ನೀರು ಚೆಲ್ಲಬಾರದು. ಜೊತೆಯ ಐವರು ಗಂಡಸರಲ್ಲಿ ಇಬ್ಬರು ಕೆಳಗೆ ನಿಂತವರಿಗೆ ಸ್ನಾನ ಮಾಡಿಸಿದರು. ಇವರ ಡ್ರಮ್ಮಿನಿಂದ ಚೆಲ್ಲಿದ್ದು ಒಂದು ಲೋಟದಷ್ಟು. ಸಮವಸ್ತ್ರ ಮಾತ್ರ ಗಂಡಸರ ಅಳತೆಯದೇ ಇದ್ದದ್ದು. ಪ್ಯಾಂಟನ್ನು ಎದೆಯವರೆಗೆ ಎಳೆದು ಕಟ್ಟಿಕೊಂಡು ಮನೆಗೆ ಬಂದಾಗ ದರ್ಜಿ ಕೆಲಸದ ಗಂಡ ಬಾಗಿಲಲ್ಲೇ ನಿಂತು ನಕ್ಕು ನಕ್ಕು ಸುಸ್ತಾದರು. ಆಮೇಲೆ ಅದೇ ಸಂಜೆ ಪೂರ್ತಿ ಬಿಚ್ಚಿ, ಹೊಸದಾಗಿ ಕತ್ತರಿಸಿ, ಹೊಲಿದುಕೊಟ್ಟರು. ಈಗಲೂ ಇವರ ಸಮವಸ್ತ್ರ ಹೊಲಿಯುವುದು ಗಂಡನೇ.

ಇವರಿಗಿಂತ ಮೊದಲು ಬಂದ ಇಬ್ಬರೂ ಆ ಹೊತ್ತಿಗೆ ಕ್ರೇನಿನಲ್ಲಿ ಇರಲಿಲ್ಲ. ಮೊದಲನೆಯವರನ್ನು ಎಂಟು ತಿಂಗಳಲ್ಲಿ ಕಚೇರಿಗೆ ಕರೆಸಿಕೊಂಡು ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟಿದ್ದರು. ಎರಡನೆಯವರು ಎರಡು ಸಲ ಆಸ್ಪತ್ರೆ ಸೇರಿ, ಕೊನೆಗೆ ರಾಜೀನಾಮೆ ಕೊಟ್ಟಿದ್ದರು. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಅತಿ ಹತ್ತಿರದ ಶೌಚಾಲಯ ಇದ್ದದ್ದು ಕ್ಯಾಂಟೀನಿನ ಬಳಿ, ಒಂಬತ್ತು ನೂರು ಮೀಟರ್ ದೂರ. ಗಂಡಸರು ಮೇಲೆ ಬಾಟಲಿ ಇಟ್ಟುಕೊಳ್ಳುತ್ತಿದ್ದರು. ಎರಡನೆಯವರು ಪಾಳಿ ಮುಗಿಯುವವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ.

ಮೂರಕ್ಕನೂ ಕುಡಿಯಲಿಲ್ಲ. ಎರಡು ವರ್ಷ ಹಾಗೇ ಕಳೆದರು. ಹನ್ನೊಂದು ಅರ್ಜಿ ಬರೆದರು. ‘ಒಬ್ಬ ಮಹಿಳಾ ಸಿಬ್ಬಂದಿಗಾಗಿ ಪ್ರತ್ಯೇಕ ವ್ಯವಸ್ಥೆ ಸಾಧ್ಯವಿಲ್ಲ’ ಎಂಬ ಉತ್ತರ ಹನ್ನೊಂದಕ್ಕೂ. ಮೂರನೇ ಬೇಸಿಗೆಯಲ್ಲಿ ಒಂದು ದಿನ ಇಳಿಯುವಾಗ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೇ ಕೂತುಬಿಟ್ಟರು. ಡಾಕ್ಟರು ಒಂದೇ ಮಾತು ಕೇಳಿದರಂತೆ: “ಮೂತ್ರಪಿಂಡ ಬೇಕೋ, ಕೆಲಸ ಬೇಕೋ?”

“ಎರಡೂ ಬೇಕಿತ್ತು. ಮನೇಲಿ ಕೂತು ಯೋಚನೆ ಮಾಡ್ದೆ. ನಾನು ಒಂಬತ್ತು ವರ್ಷ ಲೆಕ್ಕ ಬರೆದವಳು. ಬಾಯಲ್ಲಿ ಹೇಳಿದ್ದನ್ನ ಯಾರೂ ಕೇಳಿಸ್ಕೊಳ್ಳಲ್ಲ. ಕಾಗದದ ಮೇಲೆ ಬಿತ್ತು ಅಂದ್ರೆ, ಯಾರಾದ್ರೂ ಓದಿ ಸಹಿ ಹಾಕ್ಲೇಬೇಕು.”

ಕ್ರೇನ್ ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ ನಿಯಂತ್ರಣ ಕೊಠಡಿಯವರು ಕಾರಣ ಬರೆಯಬೇಕು. ಅದು ನಿಯಮ. ಮರುದಿನ ಎಂಟೂವರೆಗೆ, ಹಡಗಿನ ಕೆಲಸ ಭರದಿಂದ ಸಾಗುತ್ತಿದ್ದಾಗ, ಅವರು ಎಲ್ಲರಿಗೂ ಕೇಳುವ ಚಾನೆಲ್ಲಿನಲ್ಲಿ ಗುಂಡಿ ಒತ್ತಿ ಹೇಳಿದರು: “ಏಳನೇ ಕ್ರೇನ್ ನಿಲ್ಸ್ತಿದ್ದೀನಿ. ಕಾರಣ ಶೌಚ. ದಯವಿಟ್ಟು ಬರ್ಕೊಳ್ಳಿ.”

ಹತ್ತಾರು ವಾಕಿಟಾಕಿಗಳಿಂದ ನಗು. ಯಾರೋ ಸಿಳ್ಳೆ ಹೊಡೆದರು.

“ಕಿವಿಯೆಲ್ಲ ಬಿಸಿಯಾಗಿ ಹೋಯ್ತು. ಮೆಟ್ಟಿಲಿಳೀತಾ ಅತ್ತುಬಿಟ್ಟೆ. ಆದ್ರೆ ಇಳಿದೆ,” ಎನ್ನುತ್ತಾರೆ. ಮಾತಾಡುತ್ತಲೇ ಒಂದು ಕೆಂಪು ಪೆಟ್ಟಿಗೆಯನ್ನು ಲಾರಿಯ ಮೇಲೆ ಇಳಿಸುತ್ತಾರೆ. ಅದು ಕೂತ ಸದ್ದು ಮೇಲಕ್ಕೆ ಬರುವುದೇ ಇಲ್ಲ.

ಇಪ್ಪತ್ತಾರು ನಿಮಿಷ ಹಡಗು ಕಾಯಿತು. ಮಧ್ಯಾಹ್ನ ಮತ್ತೆ ಅದೇ ಘೋಷಣೆ, ಮತ್ತೆ ಇಪ್ಪತ್ತಾರು ನಿಮಿಷ. ಮೇಲ್ವಿಚಾರಕ ಕರೆದು, ಹೀಗೇ ಆದರೆ ಮೆಮೊ ಕೊಟ್ಟು ಹಳೆಯ ಕೆಲಸಕ್ಕೆ ಕಳಿಸುತ್ತೇನೆಂದು ಹೆದರಿಸಿದ. ಮನೆಗೆ ಬಂದು ಹೇಳಿದಾಗ ಗಂಡ ಮಿಷನ್ನಿನಿಂದ ತಲೆ ಎತ್ತಲಿಲ್ಲ. “ಇದು ಓಡ್ತಾ ಇರೋತನಕ ಹೊಟ್ಟೆಗೆ ಮೋಸ ಇಲ್ಲ. ನಾಳೆನೂ ಹೇಳು. ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳು,” ಎಂದರು. ಬಾಗಿಲ ಹತ್ತಿರ ಕೂತಿದ್ದ ಅತ್ತೆ, ಸೊಸೆಯ ಕತ್ತಿಗೆ ಎಣ್ಣೆ ಹಚ್ಚಿ ನೀವುತ್ತಿದ್ದವರು, ಕೈ ನಿಲ್ಲಿಸಿ ಕೇಳಿದರು: “ಆ ಸಾಹೇಬ್ರ ಹೆಂಡ್ತಿ ನೀರು ಕುಡಿಯಲ್ವಂತಾ?”

ನಾಲ್ಕನೇ ದಿನ ನಗುವಿನ ನಡುವೆ ಒಂದು ಒರಟು ದನಿ ಬಂತು. ಹಡಗಿನ ಮೇಲೆ ಪೆಟ್ಟಿಗೆಗಳಿಗೆ ಸರಳು ಬಿಗಿಯುವ ಹಿರಿಯ ಕೆಲಸಗಾರ ಅವರು. “ನಗೋರು ನಗ್ಲಿ ತಾಯಿ. ನನಗೆ ಸಕ್ಕರೆ ಕಾಯಿಲೆ. ಇಪ್ಪತ್ತು ವರ್ಷದಿಂದ ಪೆಟ್ಟಿಗೆಗಳ ಸಂದೀಲಿ ಮರ್ಯಾದೆ ಬಿಟ್ಟು ನಿಂತಿದ್ದೀನಿ. ನೀವು ಹೇಳಿ. ನನ್ನ ಪರವಾಗೂ ಹೇಳಿ.”

ಅಂದಿನಿಂದ ಯಾರೂ ನಗಲಿಲ್ಲ. ಐದನೇ ಕ್ರೇನಿನವನೂ ಒಂದು ದಿನ ಧೈರ್ಯ ಮಾಡಿ ‘ಕಾರಣ ಶೌಚ’ ಎಂದು ಕೂಗಿ ಇಳಿದ.

ತಿಂಗಳ ಕೊನೆಗೆ ವ್ಯವಸ್ಥಾಪಕರ ಕೋಣೆಯಿಂದ ಕರೆ ಬಂತು. ಮೇಜಿನ ಮೇಲೆ ವರದಿ. ಇಪ್ಪತ್ತೊಂದು ಪಾಳಿಯಲ್ಲಿ ಏಳನೇ ಕ್ರೇನ್ ನಲವತ್ತೊಂದು ಸಲ ನಿಂತಿದೆ. ಪಕ್ಕದಲ್ಲಿ ಇಬ್ಬರು ಕಪ್ತಾನರ ದೂರಿನ ಪತ್ರ.

“ಏನಮ್ಮಾ ಇದು, ಇಷ್ಟೊಂದು ಸಲ?”

“ಪಾಳಿಗೆ ಎರಡೇ ಸಲ ಸಾರ್. ಒಂದಿನ ಒಂದೇ ಸಲ. ತಮಗೆ ಎಷ್ಟಾಗುತ್ತೆ?”

ವ್ಯವಸ್ಥಾಪಕರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಅಲ್ಲಿಂದ ಇಪ್ಪತ್ತೆರಡನೇ ದಿನಕ್ಕೆ ಏಳನೇ ಕ್ರೇನಿನ ಬುಡದಲ್ಲಿ ಎರಡು ಕೋಣೆ ಎದ್ದು ನಿಂತವು, ಒಳಗೆ ನಲ್ಲಿ, ಹೊರಗೆ ಕುಡಿಯುವ ನೀರಿನ ಟ್ಯಾಂಕು. ವರ್ಷದೊಳಗೆ ಎಲ್ಲ ಕ್ರೇನುಗಳಿಗೂ ಬಂದವು. ಉದ್ಘಾಟನೆ ಇರಲಿಲ್ಲ. ಸರಳು ಬಿಗಿಯುವ ಆ ಹಿರಿಯರು ಮೊದಲು ಒಳಗೆ ಹೋಗಿ ಬಂದು, ಕೈ ಒರೆಸಿಕೊಳ್ಳುತ್ತ, ಮೇಲೆ ನೋಡಿ ಸಲಾಂ ಹೊಡೆದರಂತೆ.

ಇದೆಲ್ಲ ಆಗಿ ಹದಿನಾರು ವರ್ಷವಾಯಿತು. ಈಗ ಮೂರಕ್ಕ ಇಳಿಸುವುದು ಒಂದು ಗಂಟೆಗೆ ಸರಾಸರಿ ಇಪ್ಪತ್ತೇಳು ಪೆಟ್ಟಿಗೆ, ಪಾಳಿಗೆ ನೂರೈವತ್ತಕ್ಕೆ ಕಡಿಮೆಯಿಲ್ಲ. ಗಾಳಿ ಗಂಟೆಗೆ ಎಪ್ಪತ್ತು ಕಿಲೋಮೀಟರ್ ದಾಟಿದರೆ ಮಾತ್ರ ಕೆಲಸ ಬಂದ್. ಕ್ರೇನ್ ಏರಿದ ಈ ಹತ್ತೊಂಬತ್ತು ವರ್ಷದಲ್ಲಿ ಒಂದು ಪೆಟ್ಟಿಗೆಯನ್ನೂ ಬೀಳಿಸಿಲ್ಲ. “ಒಂದು ಲಾರಿಯ ಕನ್ನಡಿ ಒಡೆದಿದ್ದೀನಿ. ಅದನ್ನೂ ಬರ್ಕೊಳ್ಳಿ, ಆ ಡ್ರೈವರ್ ಓದಿದ್ರೆ ಸಮಾಧಾನ ಆಗ್ಲಿ.”

ಕಳೆದ ವರ್ಷ ಅವರ ಗಾಜಿನ ಕೋಣೆಗೆ ಒಬ್ಬರು ಬಂದರು. ಮೊದಲನೆಯ ಮಹಿಳೆ. ನಿವೃತ್ತಿಗೆ ಒಂದು ವಾರ ಬಾಕಿ. ಅದೃಷ್ಟಕ್ಕೆ ಅವತ್ತು ಲಿಫ್ಟ್ ಸರಿಯಿತ್ತು. ಮೂರಕ್ಕನ ಮನಸ್ಸಿನಲ್ಲಿ ಅವರ ಬಗ್ಗೆ ಸಣ್ಣದೊಂದು ಹೊಟ್ಟೆಕಿಚ್ಚು ಇತ್ತಂತೆ, ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಬಂದವರು ಮಡಚುವ ಆಸನದ ಮೇಲೆ ಕೂತು ಬಹಳ ಹೊತ್ತು ಗಾಜಿನ ನೆಲವನ್ನೇ ನೋಡುತ್ತಿದ್ದರು.

“ಎಂಟು ತಿಂಗಳು ಇದ್ದೆ ಇಲ್ಲಿ,” ಎಂದರು ಕೊನೆಗೆ. “ದಿನಾ ಯಾರೋ ದೊಡ್ಡವರು ಬರೋರು. ಕ್ಯಾಮೆರಾಗೆ ಒಂದು ಪೆಟ್ಟಿಗೆ ಎತ್ತಿ ಅನ್ನೋರು. ಎತ್ತಿದ್ದನ್ನ ಮತ್ತೆ ಅಲ್ಲೇ ಇಡಿಸೋರು. ಒಂದೇ ಒಂದು ಹಡಗನ್ನೂ ಪೂರ್ತಿ ಖಾಲಿ ಮಾಡ್ಲಿಲ್ಲ ಕಣೇ ನಾನು.”

ಮೂರಕ್ಕ ನಿಜವನ್ನೇ ಹೇಳಿದರು. “ಅಕ್ಕಾ, ನಾನು ನಂಬರು ಬರೀತಿದ್ದ ಶೆಡ್ಡಿನ ಗೋಡೆ ಮೇಲೆ ನಿಮ್ಮ ಫೋಟೋ ಅಂಟಿಸಿದ್ರು. ಅದಿಲ್ದಿದ್ರೆ ಹೆಂಗಸರು ಮೇಲೆ ಹೋಗಬಹುದು ಅಂತ್ಲೇ ನನಗೆ ಗೊತ್ತಾಗ್ತಿರ್ಲಿಲ್ಲ.”

ಅವತ್ತು ಬಂದಿದ್ದು ಸಣ್ಣ ಹಡಗು. ಹಿರಿಯಾಕೆ ಎದ್ದು ಹೋಗಲಿಲ್ಲ. ಡಬ್ಬಿಯ ಊಟವನ್ನು ಇಬ್ಬರೂ ಹಂಚಿಕೊಂಡರು. ಕೊನೆಯ ಪೆಟ್ಟಿಗೆ ದಡ ಮುಟ್ಟುವವರೆಗೆ ಆರು ಗಂಟೆ ಹಾಗೇ ಕೂತಿದ್ದು, ಬರಿದಾದ ಹಡಗನ್ನು ಕಣ್ತುಂಬ ನೋಡಿ ಇಳಿದರು.

ಈಗ ಇಲ್ಲಿ ಕ್ರೇನ್ ನಡೆಸುವ ಅರವತ್ತು ಜನರಲ್ಲಿ ಹದಿನಾಲ್ಕು ಮಂದಿ ಹೆಂಗಸರು. ಅವರಲ್ಲಿ ಒಂಬತ್ತು ಮಂದಿಗೆ ಕಲಿಸಿದ್ದು ಮೂರಕ್ಕ. ಪಾಳಿ ಬದಲಾಗುವ ಹೊತ್ತಿಗೆ ಮೆಟ್ಟಿಲೇರಿ ಬರುವ ಯುವತಿಯನ್ನು ನಾನು ತಡೆದು, ನೀವು ಎಷ್ಟನೆಯವರು ಎಂದು ಕೇಳುತ್ತೇನೆ. ಅವಳು ಹುಬ್ಬುಗಂಟಿಕ್ಕುತ್ತಾಳೆ. “ಎಷ್ಟನೆಯವಳು ಅಂದ್ರೆ? ನಾನು ಎರಡನೇ ಪಾಳಿಯವಳು.” ಮೂರಕ್ಕ ಮುಖ ತಿರುಗಿಸಿಕೊಂಡು ನಗುತ್ತಾರೆ. ಇಡೀ ಬೆಳಗ್ಗೆ ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಇಳಿಯುವಾಗ, ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ಪ್ರಶಸ್ತಿ, ಸನ್ಮಾನ ಎಂದೇನಾದರೂ ಹೇಳುವರೇನೋ ಎಂದುಕೊಂಡರೆ, ಅವರು ಮೆಟ್ಟಿಲ ತಿರುವಿನಲ್ಲಿ ನಿಂತು ಸಮುದ್ರದ ಕಡೆ ಕೈ ತೋರಿಸುತ್ತಾರೆ.

“ಇಷ್ಟು ಹಡಗು ಖಾಲಿ ಮಾಡಿದ್ದೀನಲ್ಲ, ಒಂದರಲ್ಲೂ ಕಾಲಿಟ್ಟಿಲ್ಲ. ಒಂದ್ಸಲ ನಮ್ಮನೆಯವರನ್ನೂ ಕರ್ಕೊಂಡು ಮುಂದಿನ ಬಂದರಿನವರೆಗೆ ಹೋಗಬೇಕು. ಅಲ್ಲಿ ಡೆಕ್ ಮೇಲೆ ನಿಂತ್ಕೊಂಡು, ಅಲ್ಲಿನ ಕ್ರೇನಿನವರು ಪೆಟ್ಟಿಗೆ ಎತ್ತೋದನ್ನ ಕೆಳಗಿಂದ ನೋಡಬೇಕು. ಚೆನ್ನಾಗಿ ಎತ್ತಿದ್ರೆ ಕೈ ಬೀಸ್ತೀನಿ.” ಎರಡು ಮೆಟ್ಟಿಲು ಇಳಿದು, ಮತ್ತೆ ನಿಂತು ಸೇರಿಸುತ್ತಾರೆ: “ಸದ್ದು ಮಾಡಿ ಇಟ್ರೋ, ಅಲ್ಲಿಂದ್ಲೇ ಬೈತೀನಿ.”