ಗೆರೆ ಇಲ್ಲದ ಗ್ರಾಫ್

ಕಳೆದ ವಾರ ವೈಟ್‌ಫೀಲ್ಡಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಬಾಡಿಗೆ ಕರಾರಿನ ಪ್ರತಿ ಮಾಡಿಸಲು ನಿಂತಿದ್ದೆ. ಯಂತ್ರದಿಂದ ಬಂದ ಹಾಳೆ ಕೈಗೆ ಬೆಚ್ಚಗೆ ತಗುಲಿತು. ಆ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಡಂ ನೆನಪಾದರು. ಅಂಗಡಿಯವನು "ಅಕ್ಕಾ, ಅಕ್ಕಾ" ಎಂದು ಕೂಗಿ ನನ್ನನ್ನು ಎಚ್ಚರಿಸಬೇಕಾಯಿತು...

ನಾನು ಸೇರಿದ ಮೊದಲ ಕಂಪನಿಯಲ್ಲಿ ಅವರು ನನ್ನ ಮೇಲಧಿಕಾರಿ. ಅದಕ್ಕೂ ಮೊದಲು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಹೊಸಬರಿಗೆ ಪಾಠ ಹೇಳುತ್ತಿದ್ದವರು. ಚಿಕ್ಕಬಾಣಾವರದಿಂದ ವೈಟ್‌ಫೀಲ್ಡಿಗೆ ಊರೆಲ್ಲ ಸುತ್ತಿಕೊಂಡು ಬಂದರೂ ಸೀರೆಯ ನಿರಿಗೆ ಕದಲಿರುತ್ತಿರಲಿಲ್ಲ. ಬೈಯುವಾಗಲೂ ದನಿ ಏರುತ್ತಿರಲಿಲ್ಲ. ನಮಗೆ ಭಯ ಅದಕ್ಕೇ.

ವರ್ಷಕ್ಕೊಮ್ಮೆ ನಡೆಯುತ್ತಿದ್ದ ತಾಂತ್ರಿಕ ಸಮ್ಮೇಳನದಲ್ಲಿ ಅವರದೊಂದು ಭಾಷಣ ಇದ್ದೇ ಇರುತ್ತಿತ್ತು. ಯಂತ್ರ ಕೆಟ್ಟು ನಿಲ್ಲುವ ಮೊದಲು ಅದರ ಕಂಪನ ಹೇಗೆ ಏರುತ್ತದೆ, ಅದನ್ನು ಸಾಫ್ಟ್‌ವೇರ್ ಹೇಗೆ ಹಿಡಿಯಬೇಕು ಎಂಬುದು ವಿಷಯ. ಕೇಳಲು ನಮ್ಮಂಥ ಲ್ಯಾಪ್‌ಟಾಪಿನವರೂ ಬರುತ್ತಿದ್ದರು, ಪೀಣ್ಯದ ಸಣ್ಣ ಕಾರ್ಖಾನೆಗಳವರೂ ಬರುತ್ತಿದ್ದರು. ಮೇಡಂ ಸಾಲುಸಾಲಿಗೂ ತಾವೇ ಹೋಗಿ ಹಾಳೆ ಹಂಚುತ್ತಿದ್ದರು. ಅದರಲ್ಲಿದ್ದ ಗ್ರಾಫಿಗೆ ನಿಂತ ಗೆರೆ, ಮಲಗಿದ ಗೆರೆ ಎರಡೇ. ನಡುವೆ ಕಂಪನದ ಗೆರೆ ಇರುತ್ತಿರಲಿಲ್ಲ. ಅವರು ಹೇಳುತ್ತಾ ಹೋದಂತೆ ಕೇಳುವವರೇ ಅದನ್ನು ಎಳೆಯಬೇಕು. ಪೂರ್ತಿ ಚಿತ್ರ ಪರದೆಯ ಮೇಲೆ ಬರುತ್ತಿದ್ದದ್ದು ಕೊನೆಗೆ. ಅರ್ಥವಾಗದವರು ಪೆನ್ನು ಹಿಡಿದು ಅವರ ಮುಖ ನೋಡುತ್ತಿದ್ದರು. ಮೇಡಂ ಅಲ್ಲಿಗೇ ನಿಲ್ಲಿಸಿ ಮತ್ತೊಮ್ಮೆ ಹೇಳುತ್ತಿದ್ದರು.

ಒಂದು ವರ್ಷ ಆಯೋಜಕರು ತಕರಾರು ತೆಗೆದರು. ಎಲ್ಲರ ಹತ್ತಿರವೂ ಲ್ಯಾಪ್‌ಟಾಪ್ ಇದೆ, ಲಿಂಕ್ ಕಳಿಸಿದರೆ ಮುಗಿಯಿತು, ಈ ಕಾಗದದ ರಾಮಾಯಣ ಯಾಕೆ ಎಂದರು. ಮೇಡಂ ಪಟ್ಟು ಬಿಡಲಿಲ್ಲ. "ಇದೊಂದ್ಸಲ ನೋಡಿ. ಜನ ಹಾಳೆ ಮುಟ್ಲಿಲ್ಲ ಅಂದ್ರೆ ನಾನೇ ಬಿಟ್ಬಿಡ್ತೀನಿ" ಎಂದರು. ಬಾಯಲ್ಲಿ ಹಾಗೆಂದರೂ ಆ ವಾರವಿಡೀ ಅವರಿಗೆ ಊಟ ಸೇರಲಿಲ್ಲ. ಅವರ ಡಬ್ಬಿಯ ಚಿತ್ರಾನ್ನ ಖಾಲಿ ಮಾಡಿದವಳು ನಾನೇ ಆದ್ದರಿಂದ ನನಗೆ ಗೊತ್ತು.

ಸಮ್ಮೇಳನದ ದಿನ ಹಾಳೆಗಳ ಕಟ್ಟು ಹೊತ್ತು ಮುದ್ರಣದ ಉಸ್ತುವಾರಿಯವನು ನಗುನಗುತ್ತಾ ಬಂದ.

"ಮೇಡಂ, ನೀವ್ ಕಳ್ಸಿದ್ ಫೈಲಲ್ಲಿ ಗ್ರಾಫ್‌ದು ಗೆರೆನೇ ಬಂದಿರ್ಲಿಲ್ಲ. ನಿಮ್ ಸ್ಲೈಡಿಂದ ತಗೊಂಡು ನಾವೇ ಹಾಕಿಸ್ಬಿಟ್ವಿ!"

ಬಿಚ್ಚಿ ನೋಡಿದರೆ ಪ್ರತಿ ಹಾಳೆಯಲ್ಲೂ ಗೆರೆ ಠಾಕುಠೀಕಾಗಿ ಕೂತಿತ್ತು. ಪಾಪ, ಉಪಕಾರವೆಂದೇ ಮಾಡಿದ್ದ. ಮೇಡಂ ಅವನಿಗೆ ಥ್ಯಾಂಕ್ಸ್ ಹೇಳಿ ಕಳಿಸಿ, ನನ್ನ ಕಡೆ ತಿರುಗಿ, "ಊಟಕ್ಕೆ ಕೂರೋ ಮೊದ್ಲೇ ಎಲೆ ಎತ್ಬಿಟ್ರಲ್ಲಮ್ಮಾ" ಎಂದರು. ನನಗೆ ನಗು ಬಂತು. ಗೆರೆ ಬೀಳದ ಹಾಳೆ ಒಂದಾದರೂ ಇದೆಯೇನೋ ಎಂದು ಅವರು ಕಟ್ಟನ್ನೆಲ್ಲ ಮಗುಚಿ ಹುಡುಕುತ್ತಿದ್ದದ್ದು ಕಂಡು ನಗು ನಿಂತಿತು.

ಆದರೂ ಹಂಚಿದರು. ವೇದಿಕೆ ಹತ್ತಿದ್ದೇ, "ಎಲ್ರೂ ಹಾಳೆ ತಿರುಗ್ಸಿ. ಹಿಂದೆ ಖಾಲಿ ಇದೆ. ಎರಡು ಗೆರೆ ನೀವೇ ಹಾಕ್ಕೊಳ್ಳಿ, ಮೂರನೇದು ನಾನ್ ಹೇಳ್ದಂಗೆ" ಎಂದರು. ಸಭೆಯಲ್ಲಿ ಗುಸುಗುಸು. ಲ್ಯಾಪ್‌ಟಾಪ್ ತಂದವರಲ್ಲಿ ಅರ್ಧಕ್ಕರ್ಧ ಜನರ ಹತ್ತಿರ ಪೆನ್ನೇ ಇಲ್ಲ! "ಮಗಾ, ಪೆನ್ ಇದ್ಯೇನೋ?" ಎಂದು ಹಿಂದಿನ ಸಾಲಿನವನೊಬ್ಬ ಅಂಗಲಾಚಿದ. ಪೀಣ್ಯದವರ ಜೇಬಿನಿಂದ ಹೊರಟ ಪೆನ್ನುಗಳು ಸಾಲಿನಿಂದ ಸಾಲಿಗೆ ಓಡಾಡಿದವು. ಆಮೇಲೆ ಲ್ಯಾಪ್‌ಟಾಪುಗಳು ಒಂದೊಂದಾಗಿ ಮುಚ್ಚಿಕೊಂಡವು. ಬರೆಯಲು ಹಾಳೆಯ ಅಡಿಗೆ ಗಟ್ಟಿಯಾದದ್ದೇನಾದರೂ ಬೇಕಿತ್ತಲ್ಲ! ಅಂದು ಸಭೆಯನ್ನು ನೋಡುತ್ತಾ ನಿಂತಿದ್ದ ಮೇಡಂ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಬೇರೆಂದೂ ನೋಡಲಿಲ್ಲ.

ಗೆದ್ದೆವು ಅಂದುಕೊಂಡೆ. ಮುಂದಿನ ವರ್ಷ ಆಯೋಜಕರೇ ಬದಲಾದರು. ಹೊಸಬರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹಾಳೆ ಇಲ್ಲ, ಲಿಂಕ್ ಮಾತ್ರ. ಲ್ಯಾಪ್‌ಟಾಪಿಗೆ ತಲೆ ಬಗ್ಗಿಸಿ ಕೂತ ಸಭೆಗೆ ಮೇಡಂ ಭಾಷಣ ಮಾಡಿದರು, ಚಪ್ಪಾಳೆಯೂ ಬಿತ್ತು. ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ನೋಡುತ್ತಾ, "ಯಾರ ಮುಖಾನೂ ಕಾಣ್ಲಿಲ್ಲ ಕಣಮ್ಮಾ... ಯಾರಿಗ್ ಹೇಳ್ದೆ ಅಂತಾನೇ ಗೊತ್ತಾಗ್ಲಿಲ್ಲ" ಎಂದರು. ಆಮೇಲೆ ಅವರು ಭಾಷಣಕ್ಕೆ ಒಪ್ಪಲೇ ಇಲ್ಲ. ನಿವೃತ್ತರಾದರು, ನಾನೂ ಕಂಪನಿ ಬದಲಿಸಿದೆ. ಹಬ್ಬಕ್ಕೊಂದು ಫೋನು, ಕ್ರಮೇಣ ಅದೂ...

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದೂ ಈ ವರ್ಷ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಡೆದ ಸಮ್ಮೇಳನವೊಂದರಲ್ಲಿ. ವೇದಿಕೆಯ ಮೇಲೆ ಹುಡುಗಿಯೊಬ್ಬಳು ಮಾತಾಡುತ್ತಿದ್ದಳು. ಹಳೆಯ ಸಹೋದ್ಯೋಗಿಯ ಸಂದೇಶ ನನ್ನ ಲ್ಯಾಪ್‌ಟಾಪಿನ ಮೂಲೆಯಲ್ಲಿ ಮೂಡಿತು: "ನಮ್ ಮೇಡಂ ಹೋಗ್ಬಿಟ್ರು." ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿ ತಲೆ ಎತ್ತಿದೆ. ಎಡಕ್ಕೆ, ಬಲಕ್ಕೆ, ಹಿಂದಿನ ಸಾಲಿಗೆ... ಎಲ್ಲರ ಕಣ್ಣೂ ತಂತಮ್ಮ ಲ್ಯಾಪ್‌ಟಾಪಿನ ಮೇಲೆ. ವೇದಿಕೆಯ ಹುಡುಗಿ ಮಾತ್ರ ನನ್ನನ್ನು ಕಂಡಳು. ತನ್ನ ಮಾತನ್ನು ಒಬ್ಬರಾದರೂ ಕೇಳುತ್ತಿದ್ದಾರೆಂದುಕೊಂಡಳೋ ಏನೋ, ಮುಖ ಅರಳಿಸಿ, ನನ್ನನ್ನೇ ನೋಡುತ್ತಾ ಮುಂದುವರಿಸಿದಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ನನ್ನ ತಲೆಗೆ ಹೋಗಲಿಲ್ಲ. ಆದರೂ ಕಣ್ಣೀರು ನುಂಗಿಕೊಂಡು, ಅವಳ ಮಾತು ಮುಗಿಯುವವರೆಗೂ ತಲೆ ತಗ್ಗಿಸದೆ ಕೂತಿದ್ದೆ.